ತಂಪು ನಿಲ್ಲದ ಪೆಟ್ಟಿಗೆ

ಜಿಗಣಿ
26 ಫೆಬ್ರವರಿ 2024

ಅಂಬರೀಶನಿಗೆ,

ಅಕ್ಷರ ನೋಡಿಯೇ ಯಾರೆಂದು ತಿಳಿದಿರುತ್ತದೆ. ಅಕ್ಕ ಕಾಗದ ಬರೆದಳೆಂದು ನೀನು ಬೇರೇನೂ ಅಂದುಕೊಳ್ಳಬೇಡ. ಫ್ರೀಜರ್ ಕೆಟ್ಟಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಕುಡಿದು ಟೆಂಪೋ ಓಡಿಸಿ, ಪಕ್ಕದಲ್ಲಿ ಕೂತಿದ್ದ ನನ್ನ ಗಂಡನನ್ನು ಹೆಣವಾಗಿ ಮನೆಗೆ ಕಳಿಸಿದ ಮೇಲೆ ನಿನ್ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಿಲ್ಲ. ಕೋರ್ಟಿನಲ್ಲಿ ನೀನು ತಲೆಯೆತ್ತಿ ನನ್ನ ಕಡೆ ನೋಡಿದಾಗ ನಾನು ಗೋಡೆ ನೋಡಿದೆ. ಈಗಲೂ ನೋಡುತ್ತಿರುವುದು ಗೋಡೆಯನ್ನೇ. ಆದರೆ ಹೊಟ್ಟೆ ಅದನ್ನೆಲ್ಲ ಕೇಳುವುದಿಲ್ಲ.

ಅವರು ಹೋದ ಮೇಲೆ ನಾನು, ಅತ್ತೆ, ಮಗಳು ವೇಣಿ ಮೂವರೂ ಉಣ್ಣುತ್ತಿರುವುದು ಈ ಅಂಗಡಿಯಿಂದ. ಗ್ರಾನೈಟ್ ಕಾರ್ಖಾನೆಯಿಂದ ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಬರುವವರು ಕೇಳುವುದು ಐಸ್ ಕ್ಯಾಂಡಿ, ತಣ್ಣನೆ ಮಜ್ಜಿಗೆ, ಬಾದಾಮಿ ಹಾಲು. ಆ ಪೆಟ್ಟಿಗೆ ತಣ್ಣಗಿದ್ದರೆ ಅಂಗಡಿ, ಇಲ್ಲದಿದ್ದರೆ ಬರೀ ಬೀಡಿ, ಬಿಸ್ಕತ್ತು. ಶಿವರಾತ್ರಿ ಹತ್ತಿರ ಬಂತು, ಬಿಸಿಲು ಆಗಲೇ ಉರಿಯುತ್ತಿದೆ.

ಮೋಟಾರು ಓಡುತ್ತದೆ. ನಿಲ್ಲದೆ ಓಡುತ್ತದೆ. ಒಳಗೆ ಕೈಯಿಟ್ಟರೆ ಬಾವಿನೀರಿನಷ್ಟು ತಂಪು, ಅಷ್ಟೇ. ಹಾಲು ಎರಡು ಸಲ ಒಡೆಯಿತು. ಕ್ಯಾಂಡಿ ಎಲ್ಲ ಬಣ್ಣದ ನೀರಾಗಿ ತಳದಲ್ಲಿ ನಿಂತಿತು.

ಬೊಮ್ಮಸಂದ್ರದಿಂದ ಅಂಜನ್ ಎಂಬ ಮೆಕ್ಯಾನಿಕ್ ಬಂದು ಮುಚ್ಚಳ ಎತ್ತಿ ನೋಡಿ ನಕ್ಕ. "ಅಕ್ಕಾ, ಇದು ಮ್ಯೂಸಿಯಮ್‌ಗೆ ಕೊಡೋ ಪೀಸು. ಗುಜರಿಗೆ ಹಾಕ್ಬಿಡಿ, ಕಬ್ಬಿಣಕ್ಕಾದ್ರೂ ಒಳ್ಳೆ ತೂಕ ಬರುತ್ತೆ" ಎಂದ. ಹೊಸದು ತರುವ ಶಕ್ತಿ ನನಗಿಲ್ಲ. ನೀನೂ ಅವರೂ ಸೇರಿ ಇದನ್ನು ಬಿಚ್ಚಿ ಕಟ್ಟಿದವರು. ಒಳಗೆ ಏನೇನು ಬದಲಾಯಿಸಿದಿರೋ ನನಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಒಬ್ಬರು ಮಣ್ಣಾದರು. ಉಳಿದವನು ನೀನು.

ಏನು ಮಾಡಬೇಕೆಂದು ಬರೆ. ಫ್ರೀಜರ್ ವಿಷಯ ಬಿಟ್ಟು ಬೇರೆ ಒಂದಕ್ಷರ ಬೇಡ.

ಗೌರಿ


ಪರಪ್ಪನ ಅಗ್ರಹಾರ
10 ಮಾರ್ಚ್ 2024

ಅಕ್ಕ,

ಕಾಗದ ಸಿಕ್ಕಿತು. ಜೈಲಿನ ಕಚೇರಿಯಲ್ಲಿ ಒಡೆದು ಓದಿ ಕೊಡುವುದರಿಂದ ತಡವಾಯಿತು. ನೀನು ಹೇಳಿದಂತೆ ಬೇರೇನೂ ಬರೆಯುವುದಿಲ್ಲ.

ಮೊದಲು ಪ್ಲಗ್ ಕಿತ್ತುಬಿಡು. ಕಿತ್ತ ಮೇಲೆಯೇ ಹಿಂದುಗಡೆ ಕೈ ಹಾಕು. ಹಿಂಬದಿಯ ಜಾಲರಿಯಲ್ಲಿ ಧೂಳು ಕೂತಿರುತ್ತದೆ, ಅದೂ ಜಿಗಣಿಯ ಕಲ್ಲುಪುಡಿ, ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಹಳೆಯ ಬ್ರಷ್ಷಿನಿಂದ ನಿಧಾನವಾಗಿ ಉಜ್ಜು. ಧೂಳು ತುಂಬಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಮೋಟಾರು ಸುಮ್ಮನೆ ದುಡಿಯುತ್ತದೆ.

ಎರಡನೆಯದು ಮುಚ್ಚಳದ ರಬ್ಬರು. ಪೇಪರಿನ ಒಂದು ತುಂಡು ಅಂಚಿಗಿಟ್ಟು ಮುಚ್ಚಳ ಹಾಕಿ ಎಳೆದು ನೋಡು. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಗಾಳಿ ನುಗ್ಗುತ್ತಿದೆ ಎಂದು ಅರ್ಥ. ಸುತ್ತಲೂ ಹೀಗೇ ನೋಡು.

ಇವೆರಡೂ ಸರಿಯಿದ್ದರೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಓಡಲು ಬಿಡು. ಆಮೇಲೆ ಒಳಗೋಡೆಯ ಮೇಲೆ ಹಿಮ ಎಲ್ಲಿ ಕಟ್ಟಿದೆ ನೋಡು. ನಾಲ್ಕೂ ಗೋಡೆಗೆ ತೆಳ್ಳಗೆ ಬಂದಿದ್ದರೆ ಗಾಬರಿ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ ಕಟ್ಟಿ ಉಳಿದದ್ದು ಬೆವರುತ್ತಿದ್ದರೆ ಗ್ಯಾಸ್ ಕಡಿಮೆಯಾಗಿದೆ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಬೇಡ. ಸ್ವಲ್ಪ ಕಾಲ ತಣ್ಣಗಾಗಿ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಗುಜರಿಗೆ ಹಾಕಬೇಡ. ಮೋಟಾರು ನಾನೇ ಹೊಸದು ಕೂರಿಸಿದ್ದೆ, ಅದು ಇನ್ನೂ ಬಾಳುತ್ತದೆ. ಪೆಟ್ಟಿಗೆಯ ಗೋಡೆ ದಪ್ಪ, ಹೊರಗೂ ಒಳಗೂ ಕಬ್ಬಿಣ. ಈಗ ಅಂಥದ್ದನ್ನು ಯಾರೂ ಮಾಡುವುದಿಲ್ಲ.

ಬರೆಯಬೇಕಾದದ್ದು ಇಷ್ಟೇ.

ಅಂಬರೀಶ


ಜಿಗಣಿ
31 ಮಾರ್ಚ್ 2024

ಅಂಬರೀಶನಿಗೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಜಾಲರಿಯಿಂದ ಒಂದು ಮೊರ ಧೂಳು ಬಂತು. ರಬ್ಬರು ಪೇಪರನ್ನು ಎಲ್ಲ ಕಡೆಯೂ ಹಿಡಿಯಿತು. ಹಿಮ ಕಟ್ಟಿದ್ದು ಬಲಗಡೆ ಮೇಲಿನ ಮೂಲೆಯಲ್ಲಿ, ನನ್ನ ಅಂಗೈ ಅಗಲ. ಉಳಿದ ಗೋಡೆಯಲ್ಲಿ ನೀರು ಇಳಿಯುತ್ತಿತ್ತು.

ನಿನ್ನ ಕಾಗದ ಬರುವ ಮೊದಲೇ ಅಂಜನ್‌ಗೆ ಒತ್ತಾಯ ಮಾಡಿ ಗ್ಯಾಸ್ ತುಂಬಿಸಿಬಿಟ್ಟಿದ್ದೆ. ಕ್ಯಾಂಡಿ ಕಲ್ಲಿನ ಹಾಗಾಯಿತು. ಅತ್ತೆ ಒಂದನ್ನು ಬಾಯಲ್ಲಿಟ್ಟುಕೊಂಡು "ಅಲ್ಲು ಜುಂ ಅಂತದೆ ಕಣವ್ವಾ" ಎಂದು ನಕ್ಕರು. ಮುಂದಿನ ವಾರದೊಳಗೆ ಎಲ್ಲ ಕರಗಿತು. ನೀನು ಬರೆದ ಹಾಗೇ ಆಯಿತು.

ನಿನ್ನ ಕಾಗದವನ್ನು ಅಂಜನ್‌ಗೆ ಓದಿ ಹೇಳಿದೆ. ಅವನು ನಗಲಿಲ್ಲ. ಸಾಬೂನು ನೊರೆ ಮಾಡಿಕೊಂಡು ಹೊರಗಿನ ಪೈಪು, ಬೆಸುಗೆ ಹಾಕಿದ ಜಾಗವೆಲ್ಲ ಒರೆಸಿ ನೋಡಿದ. ಎಲ್ಲೂ ಗುಳ್ಳೆ ಬರಲಿಲ್ಲ. "ಹೊರಗಡೆ ಎಲ್ಲಾ ಪಕ್ಕಾ ಇದೆ ಅಕ್ಕ. ಗೋಡೆ ಒಳಗಡೆ ಹೋಗಿರ್ಬೇಕು. ಹಂಗಾದ್ರೆ ನನ್ ಕೈಲಿ ಆಗಲ್ಲ" ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಹೋದ.

ಈಗ ಬೆಳಗ್ಗೆ ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ ಆ ಪೆಟ್ಟಿಗೆಯಲ್ಲೇ ಇಟ್ಟು ಗೋಣಿ ಮುಚ್ಚುತ್ತಿದ್ದೇನೆ. ನೀನು ಹೇಳಿದ್ದು ನಿಜ, ಗೋಡೆ ದಪ್ಪ ಇರುವುದರಿಂದ ಸಂಜೆಯವರೆಗೂ ಐಸ್ ನಿಲ್ಲುತ್ತದೆ. ಮಜ್ಜಿಗೆ ನಡೆಯುತ್ತಿದೆ, ಕ್ಯಾಂಡಿ ಇಲ್ಲ.

ವೇಣಿಗೆ ನಾನು ನಿನಗೆ ಬರೆಯುತ್ತಿರುವುದು ಗೊತ್ತಾಯಿತು. ಅವಳೀಗ ಆನೇಕಲ್ಲಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಜೈಲಿನ ಮುದ್ರೆ ಇದ್ದ ಕವರನ್ನು ಎರಡು ಬೆರಳಲ್ಲಿ ಹಿಡಿದು ತಂದು ಅಂಗಡಿಯ ಮೇಜಿನ ಮೇಲೆ ಹಾಕಿ, ಕೈ ತೊಳೆಯಲು ಹೋದಳು. ನಿನ್ನ ಹೆಗಲ ಮೇಲೆ ಕೂತು ಊರು ಸುತ್ತಿದವಳು. ಯಾಕೆ ಇದನ್ನು ಬರೆದೆನೋ ಗೊತ್ತಿಲ್ಲ. ಫ್ರೀಜರಿಗೆ ಇನ್ನೇನಾದರೂ ದಾರಿ ಇದ್ದರೆ ಹೇಳು.

ಗೌರಿ


ಪರಪ್ಪನ ಅಗ್ರಹಾರ
14 ಏಪ್ರಿಲ್ 2024

ಅಕ್ಕ,

ದಾರಿ ಇದೆ. ಆದರೆ ಅದನ್ನು ಹೇಳಬೇಕಾದರೆ ಆ ಪೆಟ್ಟಿಗೆ ಬಂದ ಕಥೆ ಹೇಳಬೇಕು, ಕಥೆ ಹೇಳಬೇಕಾದರೆ ಭಾವನ ಹೆಸರು ಎತ್ತಬೇಕು. ಎತ್ತುತ್ತಿದ್ದೇನೆ. ಬೇಡವೆನಿಸಿದರೆ ಮುಂದಿನ ಭಾಗ ಬಿಟ್ಟು ಕೊನೆಗೆ ಹೋಗು.

ಪೀಣ್ಯದಲ್ಲಿ ಮುಚ್ಚಿಹೋದ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದ್ದದ್ದು ಅದು. ಗುಜರಿಯವನ ಶೆಡ್ಡಿನಲ್ಲಿ ಟೈರುಗಳ ಕೆಳಗೆ ಮಲಗಿತ್ತು. ನಾನು ಹುಟ್ಟುವ ಮೊದಲಿನದು. ನಾನು ಐ.ಟಿ.ಐ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎ.ಸಿ. ಕೆಲಸಕ್ಕೆ ಹೋಗುತ್ತಿದ್ದ ಕಾಲ. ನಾನು ಮೋಟಾರು ನೋಡಿ ಬೇಡ ಎಂದೆ. ಶ್ಯಾಮಣ್ಣ ಭಾವ ಮುಚ್ಚಳ ಎತ್ತಿ, ಒಳಗೆ ತಲೆ ಹಾಕಿ, "ಹೋಯ್!" ಎಂದು ಕೂಗಿದರು. ಶಬ್ದ ಗುಂಯ್ ಎಂದು ತಿರುಗಿ ಬಂತು. "ಮಗಾ, ಇದ್ರೊಳಗೆ ಮದ್ವೆ ಮಾಡ್ಬೋದು ಕಣೋ. ನಿಮ್ಮಕ್ಕನ ಅಂಗಡಿಗೆ ಇದೇ ಆಗ್ಬೇಕು" ಎಂದರು. ನೈಸ್ ರಸ್ತೆಯಲ್ಲಿ ಬರುವಾಗ ಟೆಂಪೋ ಹಿಂದೆ ಪೆಟ್ಟಿಗೆಯ ಮೇಲೇ ಕೂತು ಬಂದರು, ಮುಚ್ಚಳ ಹಾರದಿರಲಿ ಎಂದು. ಅವತ್ತು ನೀನು ಬಾಗಿಲಲ್ಲಿ ನಿಂತು, "ಯಾರ್ ಮನೆ ಹೆಣದ ಪೆಟ್ಗೆ ತಂದ್ರಿ?" ಎಂದು ಬೈದೆ. ನಿನ್ನ ಅತ್ತೆ, ನನ್ನನ್ನು ಸಾಕಿದ ಅವ್ವ, ಮಾತ್ರ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಗ್ಯಾಸ್ ತುಂಬಿ ಮೊದಲ ಸಲ ಹಿಮ ಕಟ್ಟಿದಾಗ ಭಾವ ಅದನ್ನು ಕೆರೆದು ನನ್ನ ಕುತ್ತಿಗೆಯೊಳಗೆ ಹಾಕಿದ್ದರು.

ಇನ್ನು ದಾರಿ. ಗೋಡೆಯೊಳಗೆ ಸುತ್ತಿರುವ ಕೊಳವೆ ತುಕ್ಕು ಹಿಡಿದು ತೂತಾಗಿದೆ. ಗೋಡೆ ಒಡೆದು ಅದನ್ನು ರಿಪೇರಿ ಮಾಡಲು ಆಗುವುದಿಲ್ಲ. ಹಳೆಯದನ್ನು ಅಲ್ಲೇ ಬಿಟ್ಟು, ಅದರ ಬಾಯಿ ಮುಚ್ಚಿ, ಪೆಟ್ಟಿಗೆಯ ಒಳಮೈಗೆ ಹೊಸ ತಾಮ್ರದ ಕಾಯಿಲ್ ಸುತ್ತಬೇಕು. ಒಳಗಿನ ಜಾಗ ಕಡಿಮೆಯಾಗುತ್ತದೆ, ಆದರೆ ತಣ್ಣಗಾಗುತ್ತದೆ. ಕೈಗೆ ಅಭ್ಯಾಸ ಬೇಕಾದ ಕೆಲಸ. ಕೊಳವೆ ಬಗ್ಗಿಸುವಾಗ ಮಡಿಕೆ ಬಿದ್ದರೆ ಎಲ್ಲ ವ್ಯರ್ಥ.

ನಾನು ಬಂದರೆ ಮಾಡಿಕೊಡುತ್ತೇನೆ. ನನಗೆ ಪೆರೋಲಿಗೆ ಅರ್ಜಿ ಹಾಕಲು ಅವಕಾಶವಿದೆ. ಇಷ್ಟು ದಿನ ಹಾಕಲಿಲ್ಲ, ಯಾವ ಮನೆಯ ವಿಳಾಸ ಬರೆಯಬೇಕೆಂದು ತಿಳಿಯಲಿಲ್ಲ. ಈ ತಿಂಗಳು ಹಾಕುತ್ತೇನೆ. ಪೊಲೀಸಿನವರು ಬಂದು ನಿನ್ನನ್ನೇ ಕೇಳುತ್ತಾರೆ. ಸತ್ತವರ ಮನೆಯೂ ಅದೇ, ನನ್ನ ಮನೆಯೂ ಅದೇ ಎಂದು ತಿಳಿದು ಇಲ್ಲಿನ ಗುಮಾಸ್ತರು ಅರ್ಜಿಯ ಕರಡಿನಲ್ಲಿದ್ದ ವಿಳಾಸವನ್ನು ಎರಡು ಸಲ ಓದಿದರು.

ಕೆಲಸ ಮುಗಿಸಿ ಅಂಗಡಿಯಲ್ಲೇ ಮಲಗುತ್ತೇನೆ. ಒಳಗೆ ಬರುವುದಿಲ್ಲ.

ಅಂಬರೀಶ


ಜಿಗಣಿ
23 ಜೂನ್ 2024

ಅಂಬರೀಶ,

ನಿನ್ನ ಅರ್ಜಿ ಯಾಕೆ ತಿರಸ್ಕಾರವಾಯಿತು ಎಂದು ನಿನಗೆ ಹೇಳಿರುತ್ತಾರೆ. ಹೇಳಿರದಿದ್ದರೆ ನಾನೇ ಹೇಳುತ್ತೇನೆ. ಬೇಡ ಎಂದವಳು ನಾನು.

ಕಾನ್‌ಸ್ಟೇಬಲ್ ಬಂದಾಗ ಶಿಫ್ಟ್ ಬಿಡುವ ಹೊತ್ತು. ಅಂಗಡಿ ಮುಂದೆ ಜನ ತುಂಬಿದ್ದರು. ಆತ ಒಳ್ಳೆಯವರೇ, ಜನ ಕರಗುವವರೆಗೆ ಮಜ್ಜಿಗೆ ಕುಡಿಯುತ್ತ ಕಾದರು. ಆಮೇಲೆ, "ಏನಮ್ಮಾ, ನಿಮ್ ತಮ್ಮ ಪೆರೋಲ್ ಮೇಲೆ ಬರ್ತಾನಂತೆ. ನಿಮ್ಮ ಕಡೆಯಿಂದ ತಕರಾರು ಏನಾದ್ರೂ ಇದ್ಯಾ?" ಎಂದರು. ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ವಾರದಿಂದ ಅದನ್ನೇ ಅಂದುಕೊಂಡಿದ್ದೆ. ಆದರೆ ನೀನು ಈ ಬಾಗಿಲಲ್ಲಿ ನಿಂತಂತೆ, ಪಕ್ಕದಲ್ಲಿ ಅವರು ಇಲ್ಲದಂತೆ ಕಣ್ಣಿಗೆ ಕಟ್ಟಿತು. ನೀವಿಬ್ಬರೂ ಬೇರೆ ಬೇರೆಯಾಗಿ ಮನೆಗೆ ಬಂದದ್ದನ್ನು ನಾನು ಯಾವತ್ತೂ ನೋಡಿಲ್ಲ. "ಇದೆ ಸಾರ್. ಬರೋದ್ ಬೇಡ" ಎಂದೆ. ಬರೆದುಕೊಂಡು ಹೋದರು.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಮೇಲೆ ಯಾವತ್ತೂ ದನಿ ಎತ್ತದವರು ಅವತ್ತು ಎತ್ತಿದರು.

"ಸತ್ತೋನ್ ಯಾರು? ನನ್ ಮಗ ಕಣೇ! ನನ್ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

"ಅವನ್ನ ನೋಡಕ್ಕಾಗುತ್ತಾ ಅತ್ತೆ ನಿಮ್ ಕೈಲಿ?"

"ಆಗ್ತದೋ ಬಿಡ್ತದೋ. ನಿನ್ ಮದ್ವೆ ಆದಾಗ ಅವ್ನು ಇಷ್ಟುದ್ದ ಇದ್ದ. ಅಪ್ಪ ಅವ್ವ ಇಲ್ದೇ ಇರೋ ಮಗು ಅಂತ ನನ್ ಮಗನ ಪಕ್ದಾಗೇ ಎಲೆ ಆಕಿ ಸಾಕಿವ್ನಿ. ಅವನ್ಗೊಂದ್ ಮಾತು ಯೋಳ್ಬೇಕು ನಾನು."

ಏನು ಮಾತು ಎಂದು ನಾನು ಕೇಳಲಿಲ್ಲ. ಬೈಯುವುದಿರಬೇಕು ಎಂದುಕೊಂಡೆ. ಅವತ್ತಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದಾರೆ.

ಇಲ್ಲಿ ಮಳೆ ಹಿಡಿದಿದೆ. ಕ್ಯಾಂಡಿ ಕೇಳುವವರಿಲ್ಲ. ಬೇಸಿಗೆಯೆಲ್ಲ ಐಸ್ ಗಡ್ಡೆ ಹೊತ್ತು ನನ್ನ ಸೊಂಟ ಹಿಡಿದುಕೊಂಡಿದೆ.

ನಿನ್ನನ್ನು ಒಂದು ಕೇಳುತ್ತೇನೆ. ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಅವತ್ತು ಹೊಸೂರಿನ ಗೃಹಪ್ರವೇಶ ಮುಗಿಸಿ ಬರುವಾಗ, ಅತ್ತಿಬೆಲೆ ದಾಟಿ ಆ ನಿಂತ ಲಾರಿಗೆ ಗುದ್ದುವ ಮೊದಲು, ಅವರು ಏನು ಮಾತಾಡುತ್ತಿದ್ದರು? ಕೊನೆಗೆ ಏನು ಹೇಳಿದರು? ನನ್ನ ವಿಷಯ, ವೇಣಿಯ ವಿಷಯ ಏನಾದರೂ ಬಂತಾ? ಇದಕ್ಕೆ ಉತ್ತರ ಕೊಡು. ಸುಳ್ಳು ಬೇಡ.

ಗೌರಿ


ಪರಪ್ಪನ ಅಗ್ರಹಾರ
18 ಆಗಸ್ಟ್ 2024

ಅಕ್ಕ,

ಉತ್ತರ ತಡವಾದದ್ದಕ್ಕೆ ನೀನು ಬೇಡ ಎಂದದ್ದು ಕಾರಣವಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಕಡೆಯ ಪ್ರಶ್ನೆಗೆ ಏನು ಬರೆಯುವುದೆಂದು ತಿಳಿಯದೆ ಎಷ್ಟೋ ಹಾಳೆ ಹರಿದೆ.

ನಿನಗೆ ಬೇಕಾದ ಮಾತೊಂದನ್ನು ಕಟ್ಟಿ ಬರೆಯಬಹುದಿತ್ತು. ವೇಣಿಯನ್ನು ಚೆನ್ನಾಗಿ ಓದಿಸಬೇಕು ಅಂದರು, ನಿನ್ನ ಕಾಲುನೋವಿನ ಬಗ್ಗೆ ಅಂದರು, ಹೀಗೆ. ಒಂದು ಹಾಳೆಯಲ್ಲಿ ಬರೆದೂ ಇದ್ದೆ. ನೀನು ಸುಳ್ಳು ಬೇಡ ಎಂದಿದ್ದೀಯ.

ಭಾವ ನಿದ್ದೆ ಮಾಡುತ್ತಿದ್ದರು ಅಕ್ಕ. ಹೊಸೂರು ಬಿಡುತ್ತಲೇ ಟವೆಲ್ ಮಡಿಸಿ ಕಿಟಕಿಗೆ ಇಟ್ಟು ತಲೆ ಒರಗಿಸಿದರು. ಏನೂ ಹೇಳಲಿಲ್ಲ. ಎಚ್ಚರವಾಗಲೂ ಇಲ್ಲ. ನನ್ನನ್ನು ನಂಬಿ ನಿದ್ದೆ ಹೋಗಿದ್ದರು. ನಿನಗೆ ಕೊಡಲು ನನ್ನ ಹತ್ತಿರ ಅವರ ಒಂದು ಮಾತೂ ಇಲ್ಲ.

ಇದರ ಜೊತೆ ಫ್ರೀಜರಿನ ಚಿತ್ರ ಬರೆದು ಇಟ್ಟಿದ್ದೇನೆ. ಅಂಜನ್‌ಗೆ ತೋರಿಸು. ಕಾಯಿಲ್ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯಬೇಕು, ಎಲ್ಲೆಲ್ಲಿ ಕ್ಲಿಪ್ ಹಾಕಬೇಕು, ಹಳೆಯದರ ಎರಡು ತುದಿ ಎಲ್ಲಿ ಸಿಗುತ್ತವೆ, ಎಲ್ಲ ಗುರುತು ಮಾಡಿದ್ದೇನೆ. ಕೊಳವೆಯೊಳಗೆ ಮರಳು ತುಂಬಿ ಬಗ್ಗಿಸಬೇಡ, ಸ್ಪ್ರಿಂಗ್ ಹಾಕಿ ಬಗ್ಗಿಸು ಎಂದು ಹೇಳು. ಒಂದು ಕಣ ಮರಳು ಉಳಿದರೂ ಮೋಟಾರು ಹೋಗುತ್ತದೆ. ಫಿಲ್ಟರ್ ಹೊಸದು ಹಾಕಲಿ. ಅವನು ನೊರೆ ಹಚ್ಚಿ ನೋಡಿದ ರೀತಿ ಕೇಳಿದರೆ ಕೆಲಸ ಗೊತ್ತಿರುವವನೇ ಅನಿಸುತ್ತದೆ. ಧೈರ್ಯ ಇಲ್ಲ, ಅಷ್ಟೇ.

ಕೆಲಸವಾದ ಮೇಲೆ ಹಿಮ ಕೆರೆಯಲು ಯಾರೂ ಚಾಕು ಹಾಕಬಾರದು. ಕಾಯಿಲ್ ಈಗ ಕಣ್ಣೆದುರಿಗೇ ಇರುತ್ತದೆ, ತಗುಲಿದರೆ ತೂತಾಗುತ್ತದೆ. ಅವ್ವನಿಗೂ ಹೇಳು.

ಅಂಬರೀಶ


ಜಿಗಣಿ
20 ಅಕ್ಟೋಬರ್ 2024

ಅಂಬರೀಶ,

ನಿನ್ನ ಕಾಗದ ಓದಿ ಬಹಳ ದಿನ ಏನೂ ಬರೆಯಲು ಮನಸ್ಸಾಗಲಿಲ್ಲ. ಅವರು ನಿದ್ದೆಯಲ್ಲೇ ಹೋದರು ಎಂದು ತಿಳಿದು ಒಂದು ಕಡೆ ಸಮಾಧಾನ. ಹೆದರಲಿಲ್ಲ, ನೋವು ತಿನ್ನಲಿಲ್ಲ. ಇನ್ನೊಂದು ಕಡೆ, ಏನೋ ಒಂದು ಮಾತು ನನಗಾಗಿ ನಿನ್ನ ಹತ್ತಿರ ಇದೆ ಎಂದು ಇಷ್ಟು ಕಾಲ ನಂಬಿಕೊಂಡಿದ್ದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ಆ ಮಾತನ್ನು ನೀನು ಇಟ್ಟುಕೊಂಡಿದ್ದೀಯ ಎಂಬ ಸಿಟ್ಟು. ಈಗ ಅದೂ ಇಲ್ಲ.

ಪೆಟ್ಟಿಗೆ ತಣ್ಣಗಾಗಿದೆ. ಅಂಜನ್ ನಿನ್ನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದ. ಮೊದಲ ಸಲ ಬಗ್ಗಿಸುವಾಗ ಒಂದು ಕಡೆ ಮಡಿಕೆ ಬಿತ್ತು. ಆ ತುಂಡು ಕತ್ತರಿಸಿ ತೆಗೆದು ಬೇರೆ ಬೆಸೆದ. ನಿನ್ನ ಅಕ್ಷರ ಚೆನ್ನಾಗಿದೆಯಂತೆ. ಗ್ಯಾಸ್ ತುಂಬಿದ ಮೇಲೆ ತಾಮ್ರದ ಮೇಲೆ ಹಿಮ ಹತ್ತುತ್ತ ಹತ್ತುತ್ತ ಸುತ್ತಲೂ ಬಂತು. "ಬಂತು ಬಂತು ಅಕ್ಕ! ಕೊನೇ ಸುತ್ತಿಗೂ ಬಂತು!" ಎಂದು ಕೂಗಿದ. ನಾನು ಖುಷಿಪಟ್ಟೆ. ಅತ್ತೆಯನ್ನು ಕರೆದು ತೋರಿಸೋಣವೆಂದು ಒಳಗೆ ತಿರುಗಿದೆ. ಅತ್ತೆ ಅಲ್ಲಿರಲಿಲ್ಲ, ಆಗ ಆಸ್ಪತ್ರೆಯಲ್ಲಿದ್ದರು.

ನಿನಗೆ ಹೇಳದೆ ಆ ವಿಷಯ ಮುಂದೂಡುತ್ತಿದ್ದೇನೆ. ಗೌರಿ ಹಬ್ಬ ಕಳೆದು ಕೆಲವು ದಿನವಾಗಿತ್ತು. ಬೆಳಗ್ಗೆ ರಾಗಿ ಬೀಸುವ ಗಿರಣಿಗೆ ಹೊರಟವರು ಬಾಗಿಲಲ್ಲೇ ಕುಸಿದರು. ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಬಿದ್ದಿವೆ. ಮಾತು ಪೂರ್ತಿ ನಿಂತಿದೆ. ಆಸ್ಪತ್ರೆಯಲ್ಲಿ ಇಟ್ಟು, ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಕೇಳಿದ್ದು ತಿಳಿಯುತ್ತದೆ ಎಂದರು ಡಾಕ್ಟರು. ಕಣ್ಣಲ್ಲಿ ಗುರುತು ಇದೆ. ಬಾಯಿಂದ ಬರೀ ಒಂದು ಶಬ್ದ ಬರುತ್ತದೆ.

ಜೂನ್‌ನಲ್ಲಿ ಅವರಿಗೆ ಮಾತಿತ್ತು ಅಂಬರೀಶ. ನಿನಗೆ ಹೇಳಬೇಕು ಎಂದು ಕೂತಿದ್ದರು. ಆ ಕಾನ್‌ಸ್ಟೇಬಲ್ ಮುಂದೆ ನಾನು ಬಾಯಿ ಮುಚ್ಚಿಕೊಂಡು ಒಂದು ಸಲ ತಲೆ ಅಲ್ಲಾಡಿಸಿದ್ದರೆ ಆಗುತ್ತಿತ್ತು.

ಮತ್ತೆ ಅರ್ಜಿ ಹಾಕು. ಈ ಸಲ ಯಾರು ಬಂದರೂ ನಾನು ಬೇಡ ಅನ್ನುವುದಿಲ್ಲ. ಮನೆಯೊಳಗೇ ಇರು. ಅಂಗಡಿಯಲ್ಲಿ ಮಲಗುವ ಮಾತು ಆಡಬೇಡ.

ಅಕ್ಕ


ಪರಪ್ಪನ ಅಗ್ರಹಾರ
9 ನವೆಂಬರ್ 2024

ಅಕ್ಕ,

ಅರ್ಜಿ ಹಾಕಿದ್ದೇನೆ. ಅವ್ವನ ಕಿವಿಯ ಹತ್ತಿರ ಹೋಗಿ, ಅಂಬರೀಶ ಬರುತ್ತಾನೆ ಎಂದು ಹೇಳು. ಬಲಗಡೆ ಅಲ್ಲ, ಎಡಗಿವಿಗೆ ಹೇಳು. ಅವಳಿಗೆ ಮೊದಲಿನಿಂದಲೂ ಬಲಗಿವಿ ಮಂದ.

ಬೇರೇನು ಬರೆಯಲಿ. ಪೆಟ್ಟಿಗೆ ತಣ್ಣಗಾಯಿತಲ್ಲ, ಅಂಜನ್‌ಗೆ ನನ್ನ ನಮಸ್ಕಾರ ಹೇಳು.

ಅಂಬರೀಶ


ಜಿಗಣಿ
2 ಫೆಬ್ರವರಿ 2025

ಅಂಬರೀಶ,

ಪೆರೋಲ್ ಮುಗಿದು ನೀನು ವಾಪಸು ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಗಿದೆ ಎಂದು ಹೇಳಲು ಆಗುವುದಿಲ್ಲ. ನೀನು ಇಲ್ಲಿದ್ದಷ್ಟು ದಿನವೂ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ನಾನು ಊಟ ಹಾಕಿದೆ, ನೀನು ಉಂಡೆ. ನಾನು ಬಟ್ಟೆ ಒಣಗಿಸು ಎಂದೆ, ನೀನು ಒಣಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬಂದ ಮೊದಲ ದಿನ ಪೆಟ್ಟಿಗೆಯ ಮುಂದೆ ನಿಂತದ್ದನ್ನು ನೋಡಿದೆ. ನೀನು ಕೈಚೀಲದಲ್ಲಿ ಸ್ಪ್ಯಾನರ್ ತಂದಿದ್ದೆ, ಬರುವ ದಾರಿಯಲ್ಲಿ ಯಾರ ಹತ್ತಿರವೋ ಕೇಳಿ ತಂದದ್ದಂತೆ. ಮುಚ್ಚಳ ಎತ್ತಿ ಕಾಯಿಲ್ ಉದ್ದಕ್ಕೂ ಬೆರಳು ಓಡಿಸಿದೆ. ಬೆಸುಗೆ ನೋಡಿದೆ. "ಚೆನ್ನಾಗಿ ಮಾಡವ್ನೆ ಅಕ್ಕ" ಎಂದೆ. ಆಮೇಲೆ ಮಾಡಲು ಏನೂ ಸಿಗದೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಒಂದು ಬೇಸಿಗೆ ಪೂರ್ತಿ ಆ ಪೆಟ್ಟಿಗೆ ನಿನಗಾಗಿ ಕಾದಿತ್ತು, ಆಗ ನಾನು ನಿನ್ನನ್ನು ಬರಗೊಡಲಿಲ್ಲ.

ಅವ್ವನ ಹಾಸಿಗೆಯ ಪಕ್ಕ ನೀನು ಕೂತಾಗ ಅವರು ಎಡಗೈಯಲ್ಲಿ ನಿನ್ನ ಅಂಗಿ ಹಿಡಿದುಕೊಂಡು ಬಿಡಲಿಲ್ಲ. ಅದೇ ಶಬ್ದ ಮತ್ತೆ ಮತ್ತೆ ಮಾಡಿದರು. ಮುಖವೆಲ್ಲ ಕೆಂಪಗಾಯಿತು. ನೀನು ನನ್ನ ಕಡೆ ತಿರುಗಿ, "ಅವ್ವ ಏನಕ್ಕ ಹೇಳ್ತಾ ಇರೋದು?" ಎಂದು ಕೇಳಿದೆ. "ಊಟ ಮಾಡು ಅಂತಿದ್ದಾರೆ" ಎಂದೆ. ನೀನು ನಂಬಿದೆ. ಎದ್ದು ಹೋಗಿ ತಟ್ಟೆ ತಂದು ಅವರ ಎದುರಿಗೇ ಕೂತು ಮುದ್ದೆ ಉಂಡೆ. ತುತ್ತು ತುತ್ತಿಗೂ ನೀರು ಕುಡಿದೆ. ಅವ್ವ ಕಣ್ಣು ಮುಚ್ಚಿಕೊಂಡರು.

ಅವರು ಹೇಳಿದ್ದು ಅದಲ್ಲ ಅಂಬರೀಶ. ಏನು ಹೇಳಿದರೋ ನನಗೂ ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಕ್ಷಮಿಸಿದೆ ಎಂದಿರಬಹುದು, ಯಾಕಪ್ಪಾ ಹೀಗೆ ಮಾಡಿದೆ ಎಂದಿರಬಹುದು. ಈಗಲೂ ದಿನಾ ಮೈ ಒರೆಸುವಾಗ ಆ ಶಬ್ದ ಮಾಡುತ್ತಾರೆ. ಒಂದೊಂದೇ ಮಾತು ಹೇಳಿ, ಇದಾ ಅತ್ತೆ, ಇದಾ, ಎಂದು ಕೇಳಿ ನೋಡಿದ್ದೇನೆ. ಮುಖ ಆ ಕಡೆ ತಿರುಗಿಸುತ್ತಾರೆ.

ವೇಣಿಯ ವಿಷಯ. ನೀನು ಬರುವ ಹಿಂದಿನ ದಿನ, "ಅವನು ಇರೋ ಮನೇಲಿ ನಾನ್ ಇರಲ್ಲ" ಎಂದು ಹೇಳಿ ಗೆಳತಿ ಪ್ರಿಯಾಂಕಾಳ ಮನೆಗೆ ಹೋಗಿದ್ದಳು. ಸಂಕ್ರಾಂತಿಗೂ ಬರಲಿಲ್ಲ. ಎಳ್ಳುಬೆಲ್ಲ ಅಲ್ಲಿಗೇ ಕಳಿಸಿದೆ. ಒಂದು ಸಂಜೆ ಪುಸ್ತಕಕ್ಕೆಂದು ಬಂದಳಲ್ಲ, ನೀನು ಸಾಹೇಬರ ಮುಂದೆ ಎದ್ದು ನಿಂತಂತೆ ನಿಂತುಬಿಟ್ಟೆ. ಅವಳು ನಿನ್ನ ಕಡೆ ನೋಡದೆ ಪುಸ್ತಕ ತೆಗೆದುಕೊಂಡು ಹೋದಳು. ನಾನು ಬಸ್ ಸ್ಟಾಪಿನವರೆಗೂ ಹಿಂದೆ ಹೋದೆ. ಬಸ್ ಹತ್ತುವ ಮೊದಲು, "ಯಾಕಮ್ಮ ಅಷ್ಟೊಂದು ಬಡವಾಗಿದಾನೆ?" ಎಂದಳು. ನಾನು ಏನಾದರೂ ಹೇಳುವ ಮೊದಲೇ, "ಕೇಳಿದ್ದನ್ನ ಅವನಿಗೆ ಹೇಳ್ಬೇಡ" ಎಂದಳು. ಹೇಳುತ್ತಿದ್ದೇನೆ. ನಿನ್ನ ಹತ್ತಿರ ಅದಾದರೂ ಇರಲಿ.

ನೀನು ಹೋದ ಮೇಲೆ ಅವಳು ವಾಪಸು ಬಂದಳು. ಅವರಪ್ಪನ ಫೋಟೋ ಒರೆಸಿ ಹೂ ಹಾಕಿದಳು. ಅಜ್ಜಿಗೆ ಗಂಜಿ ಕುಡಿಸಿದಳು. ಅವಳ ಎದುರಿಗೆ ನಿನ್ನ ವಿಷಯ ಎತ್ತಲು ಎರಡು ಸಲ ಹೋಗಿ ಹಾಗೇ ತಿರುಗಿ ಬಂದೆ.

ಯುಗಾದಿ ಕಳೆದ ಮೇಲೆ ಬಿಡುಗಡೆ ಎಂದು ನೀನು ಹೇಳಿದೆ. ಎಲ್ಲಿಗೆ ಬರಲಿ ಎಂದು ನೀನು ಕೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ತಡ ಮಾಡಿದೆ. ನಾನು ಕಾಣದವಳಂತೆ ಪಾತ್ರೆ ಜೋಡಿಸುತ್ತಿದ್ದೆ.

ಮೊನ್ನೆ ಅತ್ತಿಬೆಲೆಗೆ ಹೋಗಿ ಒಂದು ರೂಮು ನೋಡಿ ಬಂದೆ. ಶಶಿಕಲಾ ಅಂತ ಒಬ್ಬರು, ಟೈಲರಿಂಗ್ ಮಾಡುತ್ತಾರೆ, ಅವರ ಮನೆಯ ಹಿಂದುಗಡೆ. "ಯಾರಿಗೆ ಅಕ್ಕ?" ಎಂದರು. "ನನ್ ತಮ್ಮನಿಗೆ" ಎಂದೆ. "ಏನ್ ಕೆಲಸ?" ಎಂದರು. "ಫ್ರೀಜರ್ ರಿಪೇರಿ" ಎಂದೆ. ಎಲ್ಲಿಂದ ಬರುತ್ತಾನೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಬೇಕೆಂದು ಬಸ್ಸಿನಲ್ಲಿ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಅಂಜನ್‌ಗೂ ಹೇಳಿದ್ದೇನೆ. ಬೇಸಿಗೆಯಲ್ಲಿ ಕೈತುಂಬ ಕೆಲಸ, ಬಂದರೆ ಸೇರಿಸಿಕೊಳ್ಳುತ್ತೇನೆ ಎಂದ.

ರೂಮು ಚಿಕ್ಕದು. ಗಾಳಿ ಬರುತ್ತದೆ, ಕೊಳಾಯಿ ನೀರು ಬರುತ್ತದೆ. ವಾರಕ್ಕೊಮ್ಮೆ ನಾನು ಬಂದು ಸಾರು ಮಾಡಿಟ್ಟು ಹೋಗುತ್ತೇನೆ. ವೇಣಿ ಕಾಲೇಜಿಗೆ ಹೋದ ಹೊತ್ತಿನಲ್ಲಿ ನೀನು ಬಂದು ಅವ್ವನನ್ನು ನೋಡಿ ಹೋಗು. ಅವಳು ಬರುವ ಮೊದಲು ಹೊರಟುಬಿಡು.

ಮನೆಗೇ ಬಾ ಎಂದು ಬರೆಯಬೇಕೆಂದು ಕೂತೆ. ನಿಜವಾಗಿ ಅದಕ್ಕೆಂದೇ ಕೂತದ್ದು. ಬರೆಯಲು ನನ್ನ ಕೈಲಿ ಆಗಲಿಲ್ಲ ಕಣೋ.

ಅಕ್ಕ